ದಾತೊ ಮರಳಿ ಬಂದ ಚುನಾವಣೆ

ಪಾಕ್ ಲಾಂಗ್ ಜಮ್ರಿ ನನ್ನ ಅಪ್ಪನ ಅಣ್ಣ. ಪಾಕ್ ಲಾಂಗ್ ಅಂದರೆ ದೊಡ್ಡಪ್ಪ. ನನಗೆ ಅವರು ಹಾಗಾಗುವುದು ಸರಿ, ಆದರೆ ನಮ್ಮ ಹಳ್ಳಿ ಅಲೋರ್ ಗೆಲಾಮ್‌ನಲ್ಲಿ ಅವರಿಗಿಂತ ಒಂದೇ ದಿನ ಚಿಕ್ಕವರಾದವರೂ ಹಾಗೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಕೆಂಪು ಮೋಟಾರ್ ಸೈಕಲ್ಲಿನ ಮೇಲೆ ನಮ್ಮ ಭಾಗಕ್ಕೆಲ್ಲ ಅಂಚೆ ಹಂಚಿದವರು ಅವರು. ಓದು ಬಾರದವರ ಮನೆಯ ಮೆಟ್ಟಿಲ ಮೇಲೆ ಕೂತು ಕಾಗದ ಓದಿ ಹೇಳುತ್ತಿದ್ದರು. ಕೆಟ್ಟ ಸುದ್ದಿಯಿದ್ದರೆ ಮೊದಲು ಒಂದು ಲೋಟ ನೀರು ಕೇಳಿ ಕುಡಿಯುತ್ತಿದ್ದರಂತೆ. ಹಾಗಾಗಿ ಪಾಕ್ ಲಾಂಗ್ ನೀರು ಕೇಳಿದರೆ ಸಾಕು, ಹೆಂಗಸರು ಲೋಟ ತರುವ ಮೊದಲೇ ಅಳಲು ಶುರು ಮಾಡುತ್ತಿದ್ದರು ಎಂದು ನನ್ನ ಅಜ್ಜಿ ಹೇಳಿ ಹೇಳಿ ನಗುತ್ತಿದ್ದರು.

ಐವತ್ತೈದಕ್ಕೆ ನಿವೃತ್ತರಾದರು. ಅದೇ ವರ್ಷ ಗಾಳಿಪಟ ಪಕ್ಷದವರು ಮನೆಗೆ ಬಂದು ಅವರನ್ನು ಕೆಲಸಕ್ಕೆ ಎಳೆದುಕೊಂಡರು. ನಮ್ಮ ಕಡೆ ಪ್ರತಿ ಪಕ್ಷವೂ ಚುನಾವಣೆಗೆ ಮೊದಲು ಮತದಾರರ ಪಟ್ಟಿ ಹಿಡಿದು ಮನೆಮನೆಗೆ ಹೋಗುತ್ತದೆ. ನಮ್ಮವನಾದರೆ ಹೆಸರಿನ ಮುಂದೆ ಬಿಳಿ, ಅವರವನಾದರೆ ಕಪ್ಪು, ಎತ್ತ ಎಂದು ಗೊತ್ತಾಗದಿದ್ದರೆ ಬೂದು. ಈ ಗುರುತು ಹಾಕುವುದರಲ್ಲಿ ಪಾಕ್ ಲಾಂಗ್ ಅವರನ್ನು ಮೀರಿಸಿದವರಿಲ್ಲ. ಅವರು ಯಾರಿಗೂ "ಯಾರಿಗೆ ಓಟು?" ಎಂದು ಕೇಳುತ್ತಿರಲಿಲ್ಲ. ಭತ್ತ ಹೇಗಿದೆ, ಮಂಡಿ ನೋವು ಹೇಗಿದೆ, ಮಗಳು ಫೋನ್ ಮಾಡಿದಳಾ ಎಂದು ಕೇಳಿ, ಕೊಟ್ಟದ್ದನ್ನು ತಿಂದು, ಹೊರಗೆ ಬಂದು ಪೆನ್ಸಿಲ್ಲಿನಲ್ಲಿ ಒಂದು ಗುರುತು ಹಾಕುತ್ತಿದ್ದರು. ಎಣಿಕೆಯ ದಿನ ನೋಡಿದರೆ ನಮ್ಮೂರ ಪೆಟ್ಟಿಗೆಯಲ್ಲಿ ಅವರ ಲೆಕ್ಕಕ್ಕೂ ನಿಜಕ್ಕೂ ಐದಾರು ಓಟಿನ ವ್ಯತ್ಯಾಸ, ಅಷ್ಟೇ.

ಆಗಿನ ಚುನಾವಣೆಗಳು ನನಗೂ ನೆನಪಿವೆ. ಮಸೀದಿಯ ಪಕ್ಕದ ಬಯಲಿನಲ್ಲಿ ಗಾಳಿಪಟದವರ ಗುಡಿಸಲು, ಅದಕ್ಕೆ ತಾಗಿದಂತೆ ದೋಣಿ ಪಕ್ಷದವರ ಗುಡಿಸಲು. ಮರಗೆಣಸಿನ ಗಂಜಿ ಕುದಿಸಿ ಅದರಿಂದ ಪೋಸ್ಟರ್ ಅಂಟಿಸುತ್ತಿದ್ದರು. ಈ ಗುಡಿಸಲಿನಲ್ಲಿ ಸಕ್ಕರೆ ಮುಗಿದರೆ ಆ ಗುಡಿಸಲಿನಿಂದ ತರುವುದು, ಆ ಗುಡಿಸಲಿನ ಹಂಡೆಯಲ್ಲಿ ಈ ಗುಡಿಸಲಿನ ದನದ ಸಾರು ಕುದಿಯುವುದು. ಹಗಲೆಲ್ಲ ಧ್ವನಿವರ್ಧಕದಲ್ಲಿ ಒಬ್ಬರನ್ನೊಬ್ಬರು ಬೈದು, ಸಂಜೆ ಒಂದೇ ಚಾಪೆಯ ಮೇಲೆ ಕೂತು ಊಟ. ನಾವು ಹೆಣ್ಣುಮಕ್ಕಳು ಎರಡೂ ಪಕ್ಷದ ಬಾವುಟ ಸೇರಿಸಿ ಗೊಂಬೆಗೆ ಸರೋಂಗ್ ಉಡಿಸುತ್ತಿದ್ದೆವು.

ಆ ಕಾಲದ ನಾಯಕರು ದಾತೊ ಖುಸೈರಿ. ದಾತೊ ಎನ್ನುವುದು ಅರಮನೆ ಕೊಡುವ ಬಿರುದು. ಹದಿನೆಂಟು ವರ್ಷ ರಾಜ್ಯದಲ್ಲಿ ಗಾಳಿಪಟ ಪಕ್ಷ ಅಂದರೆ ಅವರು, ಅವರು ಅಂದರೆ ಗಾಳಿಪಟ. ಎತ್ತರದ ಮನುಷ್ಯ. ಮನೆಯೊಳಗೆ ಬರುವಾಗ ಬಾಗಿಲಿಗೆ ತಲೆ ತಾಗದಂತೆ ಬಗ್ಗಿ, ಬಗ್ಗಿದವರು ಹಾಗೇ ಅಡುಗೆಮನೆಯ ತನಕ ನಡೆದು ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದರು. ಹನ್ನೆರಡು ವರ್ಷಗಳ ಹಿಂದೆ ಪಕ್ಷದ ಮೇಲಿನವರಿಗೂ ಅವರಿಗೂ ಜಗಳವಾಯಿತು. ಜಮೀನಿನ ವಿಚಾರ ಎಂದು ಕೆಲವರು, ಬರೀ ಕುರ್ಚಿಯ ವಿಚಾರ ಎಂದು ಕೆಲವರು. ಜಿಲ್ಲಾ ಸಭೆ ಕರೆದು, ಊರೂರ ಪ್ರತಿನಿಧಿಗಳಿಂದ ಕೈ ಎತ್ತಿಸಿ, ಒಂದು ಮಧ್ಯಾಹ್ನದಲ್ಲಿ ಅವರನ್ನು ಹೊರಗೆ ಹಾಕಿದರು. ಅವರು ದಕ್ಷಿಣದಲ್ಲಿ ಮಗಳ ಮನೆಗೆ ಹೋದರು. ಪೋಸ್ಟರ್‌ಗಳ ಮೇಲೆ ಬೇರೆ ಮುಖ ಬಂತು.

ಈ ಸಲ ಗಾಳಿಪಟ ಸೋಲುವ ಲಕ್ಷಣ ಕಂಡಿತು. ಹೊರಗೆ ಹಾಕಿದವರೇ ಹೋಗಿ ಕೈಮುಗಿದು ದಾತೊ ಅವರನ್ನು ಪ್ರಚಾರಕ್ಕೆ ಕರೆದರು. ಅವರೂ ಒಪ್ಪಿದರು. ಸುದ್ದಿ ಬಂದ ಮೂರನೇ ದಿನ ಪಕ್ಷದ ಕಚೇರಿಯ ಹುಡುಗ ಫಾದ್ಲಿ ಕಾರಿನಲ್ಲಿ ಬಂದ. ಇಸ್ತ್ರಿ ಮುರಿಯದ ಅಂಗಿ, ಎರಡು ಕೈಗೂ ಒಂದೊಂದು ಫೋನು.

"ಪಾಕ್ ಲಾಂಗ್, ದಾತೊ ಅಲೋರ್ ಗೆಲಾಮ್‌ಗೆ ಬಂದ್ರೆ ನಮಗೆ ಓಟು ಜಾಸ್ತಿ ಆಗುತ್ತಾ, ಕಮ್ಮಿ ಆಗುತ್ತಾ? ಅದೊಂದು ನೋಡಿ ಹೇಳ್ಬೇಕು. ಒಂದು ವಾರ ಟೈಮ್ ಇದೆ."

"ನನ್ನ ಮಂಡಿ ಹೋಗಿದೆಯಪ್ಪ. ಗಾಡಿ ಓಡ್ಸೋಕಾಗಲ್ಲ."

"ಯಾರಾದ್ರೂ ಕರ್ಕೊಂಡು ಹೋಗ್ತಾರೆ."

ಆ 'ಯಾರಾದರೂ' ನಾನಾದೆ. ನಾನು ಊರ ಶಿಶುವಿಹಾರದಲ್ಲಿ ಪಾಠ ಹೇಳುವವಳು, ಮಧ್ಯಾಹ್ನ ಹನ್ನೆರಡಕ್ಕೆ ಬಿಡುವು. ನನ್ನ ಹಳೇ ಕಾರಿನ ಮುಂದಿನ ಸೀಟನ್ನು ಪೂರ್ತಿ ಹಿಂದೆ ತಳ್ಳಿ ಪಾಕ್ ಲಾಂಗ್ ಅವರನ್ನು ಕೂರಿಸಿದೆ. ದೊಡ್ಡಮ್ಮ ಮಾಕ್ ಲಾಂಗ್ ಕಲ್ಸೋಮ್ ಬಾಗಿಲಲ್ಲಿ ನಿಂತು, "ಹೋಗಿ ಹೋಗಿ. ಊರೆಲ್ಲಾ ತಿಂದು ಬಂದು ರಾತ್ರಿ ನನ್ನ ಅಡುಗೆಗೆ ಮೂಗು ಮುರೀರಿ," ಅಂದರು.

ಮೊದಲ ಮನೆ ಮಾಕ್ ಅಂಜಂಗ್ ಸಾವ್ದಾ ಅವರದು. ಎಂಬತ್ತು ದಾಟಿದ ವಿಧವೆ, ಪಾಕ್ ಲಾಂಗ್ ಅವರನ್ನು ಹೆಸರು ಹಿಡಿದು ಕರೆಯುವ ಕೆಲವೇ ಜನರಲ್ಲಿ ಒಬ್ಬರು. ತೆಂಗಿನಕಾಯಿ ಹೂರಣದ ಹಸಿರು ದೋಸೆ ಸುರುಳಿ ಮುಂದಿಟ್ಟರು.

"ದಾತೊ ಬರ್ತಾರಂತೆ, ಮಾಕ್ ಅಂಜಂಗ್."

"ಬರ್ಲಿ ಬಿಡು. ಬರೋ ಮನುಷ್ಯ ಬರ್ಲಿ. ಜಮ್ರಿ, ಆ ಸೇತುವೆ ನೆನಪಿದೆಯಾ ನಿಂಗೆ? ಅದಿಲ್ಲದಾಗ ಹೆಣಾನೂ ಕಾಲುವೆ ನೀರಲ್ಲೇ ಹೊತ್ಕೊಂಡು ಹೋಗ್ಬೇಕಿತ್ತು. ನಮ್ಮತ್ತೇನ ಹಾಗೇ ತಗೊಂಡು ಹೋದ್ರು. ನಾಲ್ಕೂ ಜನ ಎದೆ ತನಕ ನೀರಲ್ಲಿ. ಆಮೇಲೆ ದಾತೊ ಬಂದ್ರು, ನೋಡಿದ್ರು, ಸೇತುವೆ ಆಯ್ತು. ನಮ್ಮ ಯಜಮಾನರು ಅದರ ಮೇಲೆ ಹೋದ್ರು, ಒಂದು ಹನಿ ನೀರು ತಾಗಲಿಲ್ಲ." ಸರೋಂಗಿನ ಅಂಚಿನಲ್ಲಿ ಕೈ ಒರೆಸಿಕೊಂಡರು. "ಆಗ ನಂಗೆ ಐವತ್ತೆರಡು. ಒಂದು ಮೂಟೆ ಭತ್ತ ಒಬ್ಬಳೇ ಎತ್ತುತಿದ್ದೆ, ಗೊತ್ತಾ?"

"ಗೊತ್ತು. ನನ್ನ ಮೋಟಾರ್ ಸೈಕಲ್ ಕೆಸರಲ್ಲಿ ಸಿಕ್ಕಾಗ ನೀವೇ ಎತ್ತಿದ್ದು."

"ನೀನು ಅದರ ಮೇಲೇ ಕೂತಿದ್ದೆ, ಇಳೀಲೇ ಇಲ್ಲ!"

ಇಬ್ಬರೂ ಕೆಮ್ಮು ಬರುವ ತನಕ ನಕ್ಕರು. ಹೊರಗೆ ಬಂದು ಪಾಕ್ ಲಾಂಗ್ ಬಿಳಿ ಗುರುತು ಹಾಕಿದರು.

ಅಲ್ಲಿಂದ ಮುಂದಿನ ತಿರುವಿನಲ್ಲಿ ಹಫೀಜುಲ್ ಸಿಕ್ಕ. ಇಪ್ಪತ್ಮೂರರ ಹುಡುಗ, ಪಟ್ಟಣದಲ್ಲಿ ಊಟದ ಪೊಟ್ಟಣ ಮನೆಮನೆಗೆ ಮುಟ್ಟಿಸುವ ಕೆಲಸ. ಮೋಟಾರ್ ಸೈಕಲ್ ತೊಳೆಯುತ್ತಿದ್ದ.

"ದಾತೊ ಖುಸೈರಿ ಅಂದ್ರೆ... ಯಾರದು ಪಾಕ್ ಲಾಂಗ್? ಆ ಸಾಬೂನಿನ ಜಾಹೀರಾತಿನೋರಾ?"

"ಹದಿನೆಂಟು ವರ್ಷ ನಾಯಕರಾಗಿದ್ದೋರು ಕಣೋ!"

"ಅವರನ್ನ ತೆಗೆದಾಗ ನಾನು ಹನ್ನೊಂದು ವರ್ಷದೋನು. ನಂಗೆ ನೆನಪಿರೋದು ಒಂದೇ. ಶಾಲೆಗೆ ಬಂದಿದ್ರು. ಬಿಸಿಲಲ್ಲಿ ಎರಡು ಗಂಟೆ ಬಾವುಟ ಹಿಡಿದು ನಿಲ್ಸಿದ್ರು ನಮ್ಮನ್ನ. ನಾನು ತಲೆ ತಿರುಗಿ ಬಿದ್ದೆ. ಓ, ಅವರೇನಾ?" ಕೊಳವೆಯ ನೀರು ಚಕ್ರಕ್ಕೆ ಬಿಡುತ್ತಾ ಹೇಳಿದ, "ಬರ್ಲಿ. ಈ ಸಲ ನೆರಳಲ್ಲಿ ನಿಲ್ತೀನಿ."

ಬೂದು.

ಸೇತುವೆಯ ಆಚೆ ಲಿಮ್ ಬೂನ್ ತೆಕ್ ಅವರ ದಿನಸಿ ಅಂಗಡಿ. ಅಪ್ಪನ ಕಾಲದಿಂದ ನಡೆಸುತ್ತಾ ಬಂದವರು, ಊರಿಗೆಲ್ಲ ತೌಕೆ. ನಮ್ಮ ಕಡೆ ಚೀನೀ ಸಾಹುಕಾರರನ್ನು ಹಾಗೇ ಕರೆಯುವುದು. ಪಾಕ್ ಲಾಂಗ್ ಅವರನ್ನು ಕಂಡು ಎರಡು ಲೋಟ ಕಾಫಿ ತರಿಸಿದರು, ಮುಂದೆ ಬಿಸ್ಕತ್ತಿನ ಡಬ್ಬಿ ಸರಿಸಿದರು.

"ಆ ಸ್ಟೂಲ್ ಮೇಲೆ ಕೂರ್ತಿದ್ರು ದಾತೊ," ತೌಕೆ ಬೆರಳು ತೋರಿಸಿದರು. "ಬಿಸ್ಕತ್ತು ಕಾಫಿಲಿ ಅದ್ದೋರು. ಅದ್ದಿ ಮಾತಾಡ್ತಾ ಕೂರೋರು, ಬಿಸ್ಕತ್ತು ಮುರಿದು ಲೋಟದೊಳಗೆ ಬೀಳೋದು. ಅಷ್ಟು ವರ್ಷದಲ್ಲಿ ಒಂದು ಬಿಸ್ಕತ್ತಾದ್ರೂ ಬಾಯಿಗೆ ಮುಟ್ಟಿದ್ದು ನಾನು ನೋಡಿಲ್ಲ."

"ಹಂಗಾದ್ರೆ ಬರೋದು ಒಳ್ಳೇದು ಅಂತೀರಾ?"

"ಬಂದ್ರೆ ಸಂತೋಷವೇ. ನನ್ನ ತಲೇಲಿ ಕೂದಲಿದ್ದ ಕಾಲ ನೆನಪಾಗುತ್ತೆ. ಆದ್ರೆ ಒಂದು ಮಾತು, ಪಾಕ್ ಲಾಂಗ್. ಹೊರಗೆ ಹಾಕಿದ ಕೈಗಳೇ ಈಗ ಹಾರ ಹಾಕ್ತಿವೆ. ಅವು ಎಂಥಾ ಕೈಗಳು ಅಂತ ನನಗೆ ಅರ್ಥ ಆಗಲ್ಲ. ನಾನು ಓಟು ಹಾಕ್ಬೇಕಾಗಿರೋದು ಅವರಿಗಾ, ಆ ಕೈಗಳಿಗಾ?"

ಪಾಕ್ ಲಾಂಗ್ ಅವರ ಕಿವಿ ಕೆಂಪಾಯಿತು. ಅರ್ಧ ಕಾಫಿ ಬಿಟ್ಟು ಎದ್ದರು. ಕಾರಿನಲ್ಲಿ ಕೂತ ಮೇಲೆ ಪೆನ್ಸಿಲ್ ತೆಗೆಯಲೇ ಇಲ್ಲ. ಕಾಲುವೆಯ ದಡದ ದಾರಿಯಲ್ಲಿ ತುಸು ದೂರ ಹೋದ ಮೇಲೆ ಹೇಳಿದರು.

"ಯಾನಿ, ಆ ಸಭೆಗೆ ನಮ್ಮೂರಿಂದ ಮೂರು ಜನ ಹೋಗಿದ್ವಿ. ನಾನು, ಮಸೀದಿ ಖಜಾಂಚಿ, ಆಮೇಲೆ ದಿನ್. ದಾತೊನ ತೆಗೀಬೇಕು ಅನ್ನೋರು ಕೈ ಎತ್ತಿ ಅಂದ್ರು. ಮುಂದಿನ ಸಾಲು ಎತ್ತಿತು. ಪಕ್ಕದೋರು ಎತ್ತಿದ್ರು. ನಾನೂ ಎತ್ತಿದೆ."

"ಯಾಕೆ ಪಾಕ್ ಲಾಂಗ್?"

"ಅದನ್ನೇ ಹನ್ನೆರಡು ವರ್ಷದಿಂದ ಕೇಳ್ಕೋತಿದೀನಿ. ಎಲ್ಲರೂ ಎತ್ತಿದ್ರಲ್ಲ ಅಂತ ಅನ್ಸುತ್ತೆ. ದಿನ್ ಮಾತ್ರ ಎರಡೂ ಕೈನ ತೊಡೆ ಕೆಳಗೆ ಇಟ್ಕೊಂಡು ಕೂತಿದ್ದ."

ದಿನ್ ಯಾರೆಂದು ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಪಾಕ್ ಲಾಂಗ್ ಅವರೂ ಅವರೂ ಒಂದೇ ಬಲೆ ಹಿಡಿದು ಕಾಲುವೆಯಲ್ಲಿ ಮೀನು ಹಿಡಿದವರು. ಆ ಸಭೆಯಾದ ಮೇಲೆ ದಿನ್ ಅವರನ್ನು ಊರಿನ ಪಕ್ಷದ ಕಾರ್ಯದರ್ಶಿ ಸ್ಥಾನದಿಂದ ತೆಗೆದರು. ಕಾಫಿ ಅಂಗಡಿಯಲ್ಲಿ ಅವರು ಬಂದು ಕೂತರೆ ಉಳಿದವರು ಒಬ್ಬೊಬ್ಬರಾಗಿ ಬೇರೆ ಮೇಜಿಗೆ ಹೋಗುತ್ತಿದ್ದರು. ಪಾಕ್ ಲಾಂಗ್ ಬೇರೆ ಮೇಜಿಗೆ ಹೋಗಲಿಲ್ಲ. ಕಾಫಿ ಅಂಗಡಿಗೆ ಹೋಗುವುದನ್ನೇ ಬಿಟ್ಟರು. ಆರು ವರ್ಷದ ಹಿಂದೆ ದಿನ್ ತೀರಿಕೊಂಡರು.

ಪಟ್ಟಿ ಹಿಡಿದು ಹೊರಟ ಮೂರನೇ ದಿನ ನಾವು ದಿನ್ ಅವರ ಮನೆಗೆ ಹೋದೆವು. ಹೋಗಬೇಕೋ ಬೇಡವೋ ಎಂದು ಪಾಕ್ ಲಾಂಗ್ ಎರಡು ಸಲ ಕಾರು ತಿರುಗಿಸಲು ಹೇಳಿದ್ದರು. ದಿನ್ ಅವರ ಮಗ ಜುಲ್ಕಪ್ಲಿ ಕೊಯ್ಲು ಯಂತ್ರದ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದ. ನಲವತ್ತರ ಆಸುಪಾಸಿನವನು, ಅಪ್ಪನದೇ ಅಚ್ಚು. ಹೊರಗೆ ಬಂದು ಕೈಯ ಎಣ್ಣೆ ಒರೆಸಿಕೊಂಡ. ಕೂರಿ ಎನ್ನಲಿಲ್ಲ.

"ಪಟ್ಟಿ ತಂದಿದೀರಾ? ಹಾಕ್ಕೊಳಿ. ಕಪ್ಪು ಹಾಕ್ಕೊಳಿ."

"ಜುಲ್, ನಾನು ಅದಕ್ಕೆ..."

"ಅದಕ್ಕೇ ಬಂದಿದೀರಿ, ಪಾಕ್ ಲಾಂಗ್. ಅಪ್ಪ ಇದ್ದಾಗ ಬರಲಿಲ್ಲ. ಅಪ್ಪ ಸತ್ತಾಗ ಗೇಟಿನ ತನಕ ಬಂದು ಹೋದ್ರಿ. ಈಗ ದಾತೊ ಬರ್ತಾರೆ ಅಂತ ಬಂದ್ರಿ." ಸ್ವರ ಏರಿಸಲಿಲ್ಲ. "ಆ ದಾತೊ ಒಂದು ದಿನ ಫೋನ್ ಮಾಡ್ಲಿಲ್ಲ. ಪ್ರತಿ ಶುಕ್ರವಾರ ಅಪ್ಪ ನಮಾಜ್ ಮುಗಿಸಿ ಬಂದು, ಒಳ್ಳೇ ಅಂಗಿ ಬಿಚ್ಚದೆ, ಆ ಜಗಲಿ ಮೇಲೆ ಕೂರೋರು. ಶುಕ್ರವಾರ ಬರೋದು ದಾತೊ ಅಭ್ಯಾಸ ಅಂತ. ಆರು ವರ್ಷ ಕೂತ್ರು. ಈಗ ಅವರಿಗೆ ದಾರಿ ನೆನಪಾಯ್ತಂತಾ?"

ಪಾಕ್ ಲಾಂಗ್ ಪಟ್ಟಿ ಮಡಿಸಿ ಕಾರು ಹತ್ತಿದರು. ವಾಪಸು ಬರುವಾಗ ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಯಾವ ಗುರುತೂ ಇರಲಿಲ್ಲ.

ವಾರದ ಕೊನೆಗೆ ಫಾದ್ಲಿ ಬಂದ. "ಎಷ್ಟು ಪರ್ಸೆಂಟ್, ಪಾಕ್ ಲಾಂಗ್?"

"ಪರ್ಸೆಂಟ್ ಗೊತ್ತಾಗಲ್ಲ ಮಗಾ. ದಾತೊ ಬಗ್ಗೆ ಕೇಳಿದ್ರೆ ಎಲ್ಲರೂ ತಮ್ಮ ಬಗ್ಗೇನೇ ಹೇಳ್ತಾರೆ. ಒಬ್ಬರು ಮೂಟೆ ಎತ್ತಿದ್ದು, ಒಬ್ಬರ ತಲೇಲಿ ಕೂದಲಿದ್ದದ್ದು. ಮುದುಕರಿಗೆ ಆ ಕಾಲ ಬೇಕು. ಅದನ್ನ ದಾತೊ ಜೇಬಲ್ಲಿಟ್ಕೊಂಡು ಬರ್ತಾರೆ ಅನ್ಕೊಂಡಿದ್ದಾರೆ. ಹುಡುಗರಿಗೆ ಅವರು ಯಾರೋ ಏನೋ."

"ಅಂದ್ರೆ ಕರೆಸೋದಾ, ಬೇಡ್ವಾ?"

"ಕರೆಸು. ಓಟಿಗೆ ಅಂತ ಅಲ್ಲ. ಒಂದ್ಸಲ ಬಂದು ಹೋಗ್ಲಿ."

ಫಾದ್ಲಿ ಫೋನಿನಲ್ಲಿ ಏನು ಬರೆದುಕೊಂಡನೋ ಕಾಣಲಿಲ್ಲ.

ದಾತೊ ಬಂದದ್ದು ಶನಿವಾರ, ಇಳಿಹೊತ್ತಿನ ಅಸರ್ ನಮಾಜ್ ಆದ ಮೇಲೆ. ಸಮುದಾಯ ಭವನದ ಮುಂದೆ ಶಾಮಿಯಾನ. ಹಸಿ ಬಿದಿರಿಗೆ ಕಟ್ಟಿದ ಬಾವುಟಗಳು. ದೊಡ್ಡ ಹಂಡೆಯಲ್ಲಿ ಸಾರು ಕುದಿಯುತ್ತಿತ್ತು. ಫಾದ್ಲಿ ಪಟ್ಟಣದಿಂದ ಊಟದ ಪೊಟ್ಟಣ ತರಿಸುತ್ತೇನೆ ಎಂದಿದ್ದ, ಹೆಂಗಸರು ಬೈದು ಓಡಿಸಿದ್ದರು. ಮಾಕ್ ಅಂಜಂಗ್ ಸಾವ್ದಾ ಮುಂದಿನ ಸಾಲಿನಲ್ಲಿ, ಈದ್‌ಗೆ ಉಡುವ ಬಟ್ಟೆಯಲ್ಲಿ. ತೌಕೆ ಕುರ್ಚಿಯನ್ನು ಅಂಗಡಿಯಿಂದಲೇ ತಂದಿದ್ದರು. ಹಫೀಜುಲ್ ಹೇಳಿದಂತೆ ನೆರಳಲ್ಲಿ ನಿಂತಿದ್ದ. ಕೊನೆಯಲ್ಲಿ, ಶಾಮಿಯಾನದ ಕಂಬಕ್ಕೊರಗಿ ಕೈಕಟ್ಟಿಕೊಂಡು ಜುಲ್ಕಪ್ಲಿ.

ದಾತೊ ಕಾರಿನಿಂದ ಇಳಿದರು. ನಮ್ಮ ನೆನಪಿನಲ್ಲಿದ್ದ ಎತ್ತರ ಅವರಲ್ಲಿರಲಿಲ್ಲ. ಬೆನ್ನು ಬಾಗಿತ್ತು. ಆದರೆ ವೇದಿಕೆಗೆ ಹೋಗದೆ ಮೊದಲು ಹಂಡೆಯ ಹತ್ತಿರ ಹೋಗಿ ಮುಚ್ಚಳ ಎತ್ತಿದರು. ಹೆಂಗಸರೆಲ್ಲ 'ಹೋ' ಎಂದರು. ಕೆಲವರು ಕಣ್ಣೊರೆಸಿಕೊಂಡರು.

ಮೈಕು ಕೀ ಎಂದು ಕೂಗಿತು. ಯಾರೋ ಬರೆದುಕೊಟ್ಟ ಕಾಗದವನ್ನು ಅವರು ಸ್ವಲ್ಪ ಓದಿದರು, ಕನ್ನಡಕ ಜಾರಿತು, ಕಾಗದ ಮಡಿಸಿ ಜೇಬಿಗೆ ಹಾಕಿದರು. ಜನರನ್ನು ಒಬ್ಬೊಬ್ಬರಾಗಿ ನೋಡುತ್ತಾ ಹೋದರು. "ಸಾವ್ದಾ, ನಿನ್ನ ಹೆಬ್ಬಾತುಗಳು ಇನ್ನೂ ಇವೆಯಾ? ನನ್ನ ಪ್ಯಾಂಟು ಹರಿದಿದ್ವು." ಜನ ನಕ್ಕರು. "ತೌಕೆ, ಕೂದಲೆಲ್ಲಿ?" ಮತ್ತೆ ನಗು. ಆಮೇಲೆ ಅವರ ಕಣ್ಣು ಕೊನೆಯ ಕಂಬದ ಹತ್ತಿರ ನಿಂತಿತು. ಮುಖ ಅರಳಿತು.

"ದಿನ್! ಅಲ್ಲೇನು ನಿಂತಿದ್ದೀಯ? ನೀನೊಬ್ಬ ಮಾತ್ರ ಹಾಗೇ ಇದ್ದೀಯಲ್ಲೋ. ಬಾ ಮುಂದೆ."

ಜನ ತಿರುಗಿ ನೋಡಿದರು. ಜುಲ್ಕಪ್ಲಿ ಕಟ್ಟಿದ ಕೈ ಬಿಟ್ಟ.

"ನಾನು ದಿನ್ ಅಲ್ಲ. ದಿನ್ ಮಗ. ಅಪ್ಪ ಹೋಗಿ ಆರು ವರ್ಷ ಆಯ್ತು."

ದಾತೊ ಮೈಕನ್ನು ಮೇಜಿನ ಮೇಲಿಟ್ಟರು. ಕುರ್ಚಿ ಹುಡುಕಿ ಕೂತರು. ತಮಗೆ ಯಾಕೆ ಹೇಳಲಿಲ್ಲ ಎಂಬಂತೆ ಫಾದ್ಲಿಯ ಕಡೆ ನೋಡಿದರು. ಫಾದ್ಲಿಗೆ ದಿನ್ ಯಾರೆಂದೇ ಗೊತ್ತಿರಲಿಲ್ಲ. ಆಮೇಲೆ, ಮೈಕಿಲ್ಲದೆಯೇ, "ಎಲ್ಲಿ ಮಣ್ಣು ಮಾಡಿದ್ದೀರಿ?" ಎಂದು ಕೇಳಿದರು.

"ದಾತೊ, ಐದೂವರೆಗೆ ಮುಂದಿನ ಊರು..." ಫಾದ್ಲಿ ಗಡಿಯಾರ ತೋರಿಸಿದ.

"ಅವರಿಗೆ ಕಾಯೋಕೆ ಹೇಳು. ಕಾಯೋದು ಹೇಗೆ ಅಂತ ಜನಕ್ಕೆ ಗೊತ್ತು."

ಜುಲ್ಕಪ್ಲಿ ಮುಂದೆ ನಡೆದ. ದಾತೊ ಹಿಂದೆ. ಪಾಕ್ ಲಾಂಗ್ ಎದ್ದು ನನ್ನ ಭುಜ ಹಿಡಿದುಕೊಂಡು ಹೊರಟರು. ಸ್ಮಶಾನ ಮಸೀದಿಯ ಹಿಂದೆಯೇ, ಸಂಪಿಗೆ ಮರಗಳ ಸಾಲಿನಾಚೆ. ದಿನ್ ಅವರ ಸಮಾಧಿಯ ಕಲ್ಲು ಚಿಕ್ಕದು. ಮುದುಕರಿಬ್ಬರೂ ಕಷ್ಟಪಟ್ಟು ಮಂಡಿಯೂರಿದರು, ಪ್ರಾರ್ಥನೆ ಹೇಳಿದರು. ಜುಲ್ಕಪ್ಲಿ ಬಾಟಲಿಯಲ್ಲಿ ನೀರು ತಂದು ಮಣ್ಣಿನ ಮೇಲೆ ಸುರಿದ.

ಆಮೇನ್ ಹೇಳಿದ ಮೇಲೂ ಪಾಕ್ ಲಾಂಗ್ ಏಳಲಿಲ್ಲ.

"ದಾತೊ, ಆ ದಿನ ನಾನೂ ಕೈ ಎತ್ತಿದ್ದೆ."

"ಗೊತ್ತು ಕಣೋ. ಮೇಲೆ ಕೂತವನಿಗೆ ಎಲ್ಲಾ ಕೈನೂ ಕಾಣುತ್ತೆ. ನಿಂದು ಕಿವಿ ತನಕ ಬಂದು ನಿಂತಿತ್ತು. ಇವನು ಕಿವಿ ತುರಿಸ್ಕೋತಿದಾನೋ ಏನೋ ಅನ್ಕೊಂಡೆ."

ಪಾಕ್ ಲಾಂಗ್ ನಗಲಿಲ್ಲ. "ಎತ್ತಿದ್ದು ಎತ್ತಿದ್ದೇ."

"ಹೌದು. ಎತ್ತಿದ್ದು ಎತ್ತಿದ್ದೇ." ದಾತೊ ಸಮಾಧಿಯ ಮೇಲೆ ಬಿದ್ದಿದ್ದ ಒಣ ಎಲೆಯೊಂದನ್ನು ಆರಿಸಿ ತೆಗೆದರು. "ನಾನೂ ಒಂದು ಕಾಗದ ಬರೀಬಹುದಿತ್ತು ಇವನಿಗೆ. ನಿಮ್ಮೆಲ್ಲರ ಮೇಲೂ ಸಿಟ್ಟಿತ್ತು, ಹಂಗಾಗಿ ನಿಮ್ಮ ಮುಖ ನೋಡೋದು ಸುಲಭ. ಇವನೊಬ್ಬನೇ ನನ್ನ ಜೊತೆ ನಿಂತೋನು. ಇವನ ಮುಖ ನೋಡೋಕೆ ನಾಚಿಕೆ ಆಯ್ತು. ಇವತ್ತು ಬರೀತೀನಿ, ನಾಳೆ ಬರೀತೀನಿ ಅಂತಲೇ..."

"ಅಪ್ಪ ಕಾಯ್ತಿದ್ರು," ಅಂದ ಜುಲ್ಕಪ್ಲಿ. "ಅಷ್ಟೇ ನಾನು ಹೇಳೋದು. ಇನ್ನೇನೂ ಇಲ್ಲ ನನಗೆ."

"ಹೇಳು. ಹೇಳಬೇಕಾದ್ದೇ," ಅಂದರು ದಾತೊ.

ನಂತರ ಜುಲ್ಕಪ್ಲಿ ಬಗ್ಗಿ ಮೊದಲು ದಾತೊ ಅವರನ್ನೂ, ಆಮೇಲೆ ಪಾಕ್ ಲಾಂಗ್ ಅವರನ್ನೂ ತೋಳು ಹಿಡಿದು ಎಬ್ಬಿಸಿದ. ಎಬ್ಬಿಸದೆ ಬಿಟ್ಟಿದ್ದರೆ ಅವರಿಬ್ಬರೂ ಅಲ್ಲೇ ಕೂತಿರುತ್ತಿದ್ದರು, ಅಷ್ಟು ಮಂಡಿ ಕೆಟ್ಟಿತ್ತು. ಅದನ್ನು ನಾನು ಕ್ಷಮೆ ಎಂದು ಬರೆಯಲಾರೆ. ಮರಳಿ ಬಂದಾಗ ಅರ್ಧ ಜನ ಹೋಗಿದ್ದರು. ಉಳಿದವರು ಸಾರು ಬಡಿಸಿಕೊಳ್ಳುತ್ತಿದ್ದರು. ಭಾಷಣ ಮುಂದುವರಿಯಲಿಲ್ಲ. ದಾತೊ ಎರಡು ತುತ್ತು ಉಂಡು, ಹೆಂಗಸರು ಕಟ್ಟಿಕೊಟ್ಟ ಪೊಟ್ಟಣ ಹಿಡಿದು ಕಾರು ಹತ್ತಿದರು.

ಆ ಸಂಜೆಯ ಬಗ್ಗೆ ಊರಿನಲ್ಲಿ ಒಂದೇ ಮಾತಿರಲಿಲ್ಲ. ಮಾಕ್ ಅಂಜಂಗ್ ಅವರಿಗೆ, ಹಳೇ ಮನುಷ್ಯ ಹಾಗೇ ಇದ್ದಾರೆ. ತೌಕೆಗೆ, ಒಳ್ಳೆಯ ಮನುಷ್ಯ, ಆದರೆ ಓಟು ಕೇಳುವುದನ್ನೇ ಮರೆತರು. ಅದೆಲ್ಲ ನಾಟಕ ಎಂದವರೂ ಇದ್ದರು. ಹಫೀಜುಲ್ ಮಾತ್ರ ನನ್ನನ್ನು ಕೇಳಿದ, "ಅಕ್ಕಾ, ಈ ದಿನ್ ಅನ್ನೋರು ಯಾರು?" ಅವನಿಗೆ ಎಲ್ಲವನ್ನೂ ಹೇಳಿದೆ.

ಗಾಳಿಪಟ ಕ್ಷೇತ್ರದಲ್ಲಿ ಸೋತಿತು. ನಮ್ಮೂರ ಪೆಟ್ಟಿಗೆಯಲ್ಲಿ ಹತ್ತೊಂಬತ್ತು ಓಟು ಮುಂದಿತ್ತು. ದಾತೊ ಬಂದದ್ದರಿಂದಲೋ, ಬರದಿದ್ದರೂ ಅಷ್ಟೇ ಆಗುತ್ತಿತ್ತೋ, ಪಾಕ್ ಲಾಂಗ್ ಅವರಿಗೂ ಹೇಳಲಾಗಲಿಲ್ಲ. ದಾತೊ ಮತ್ತೆ ದಕ್ಷಿಣಕ್ಕೆ ಹೋದರು. ಪಕ್ಷದವರು ಅವರ ಹೆಸರನ್ನು ಮತ್ತೆ ಎತ್ತಿದ್ದು ಕೇಳಿಲ್ಲ.

ಫಲಿತಾಂಶ ಬಂದ ವಾರ, ಗುರುವಾರ ಮಧ್ಯಾಹ್ನ, ಪಾಕ್ ಲಾಂಗ್ ಶಿಶುವಿಹಾರದ ಗೇಟಿನ ಹತ್ತಿರ ಕೋಲು ಊರಿಕೊಂಡು ನಿಂತಿದ್ದರು.

"ಯಾನಿ, ಬಿಡುವಿದೆಯಾ? ದಿನ್ ಮನೆಗೆ ಹೋಗ್ಬೇಕು."

"ಚುನಾವಣೆ ಮುಗೀತಲ್ಲ ಪಾಕ್ ಲಾಂಗ್?"

"ಮುಗೀತು. ಅದಕ್ಕೇ ಹೋಗ್ಬೇಕು."

ಆ ದಿನ ಜುಲ್ಕಪ್ಲಿ ಮನೆಯಲ್ಲಿರಲಿಲ್ಲ. ದಿನ್ ಅವರ ಹೆಂಡತಿ ಚಾಪೆ ಹಾಸಿದರು. ಪಾಕ್ ಲಾಂಗ್ ಜಗಲಿಯ ಮೇಲೆ ಕೂತು ತಾವೂ ದಿನ್ ಅವರೂ ಕಾಲುವೆಯಲ್ಲಿ ಬಲೆ ಕಳೆದುಕೊಂಡ ಕಥೆ ಶುರು ಮಾಡಿದರು. ಆ ಮುದುಕಿ ಅದನ್ನು ಬೇರೆ ರೀತಿ ಕೇಳಿದ್ದರಂತೆ. ತಪ್ಪು ಯಾರದೆಂದು ಇಬ್ಬರೂ ಜಗಳವಾಡಿದರು. ಮುಂದಿನ ಗುರುವಾರ ಮತ್ತೆ ಹೋದೆವು, ಅದರ ಮುಂದಿನ ಗುರುವಾರವೂ. ನಾಲ್ಕನೆಯದೋ ಐದನೆಯದೋ ಸಲ ಜುಲ್ಕಪ್ಲಿ ಮನೆಯಲ್ಲಿದ್ದ. ನಮ್ಮನ್ನು ನೋಡಿ ಒಳಗೆ ಹೋದ. ನಾವು ಇನ್ನೇನು ಏಳಬೇಕು ಎನ್ನುವಾಗ ತಟ್ಟೆಯಲ್ಲಿ ಹುರಿದ ಬಾಳೆಹಣ್ಣು, ಮೂರು ಲೋಟ ಚಹಾ ತಂದು ಪಾಕ್ ಲಾಂಗ್ ಅವರ ಮುಂದಿಟ್ಟ.

"ಇನ್ನೊಂದು ಸಲ ಬರೋದಾದ್ರೆ ಮೂರು ಗಂಟೆಗೇ ಬನ್ನಿ," ಅಂದ, ಮುಖ ನೋಡದೆ. "ಅಮ್ಮ ಎರಡೂವರೆಯಿಂದಲೇ ಬಾಗಿಲು ನೋಡ್ತಾ ಕೂತ್ಕೋತಾಳೆ."